ನ್ಯಾಸ್‌ಗೆ ಡ್ರೈವ್ ತಗೊಳ್ಳುವ ಮುಂಚೆ ಲೇಬಲ್ ಓದಿ

ದಸರಾ ಫೋಟೊ, ಮದುವೆ ವಿಡಿಯೊ ಎಲ್ಲ ಸೇರಿದರೆ ಮೈಸೂರಿನ ಎಷ್ಟೋ ಮನೆಗಳಿಗೆ ಈಗ 2 ಟಿಬಿ ಸಾಲದು. ಅದಕ್ಕೇ ನ್ಯಾಸ್, ಅಂದರೆ ಮನೆಯ ನೆಟ್‌ವರ್ಕ್‌ಗೆ ಸೇರಿಸುವ ಡಿಸ್ಕ್ ಪೆಟ್ಟಿಗೆ. ಅದಕ್ಕೆ 4 ಟಿಬಿಯ ಎರಡು ಡ್ರೈವ್ ಹಾಕಿ ರೇಡ್ 1 ಮಾಡಿದರೆ, ಅಂದರೆ ಎರಡರಲ್ಲೂ ಒಂದೇ ಪ್ರತಿ ಇಟ್ಟರೆ, ಸಿಗುವ ಜಾಗ 4 ಟಿಬಿ ಮಾತ್ರ. ಪರದೆಯಲ್ಲಿ 3.6 ಅಂತ ಕಂಡರೆ ಗಾಬರಿ ಬೇಡ, ಅದು ಲೆಕ್ಕ ಹಾಕುವ ರೀತಿಯ ವ್ಯತ್ಯಾಸ.

ಬೆಲೆಗಿಂತ ಮೊದಲು ಡ್ರೈವ್ ಸಿಎಂಆರೋ ಎಸ್‌ಎಂಆರೋ ನೋಡಿ. ಇವು ಡಿಸ್ಕ್ ಮೇಲೆ ಡೇಟಾ ಬರೆಯುವ ಎರಡು ರೀತಿ. ಸಿಎಂಆರ್‌ನಲ್ಲಿ ಟ್ರ್ಯಾಕ್‌ಗಳು, ಅಂದರೆ ಡೇಟಾ ಬರೆಯುವ ಗೆರೆಗಳು, ಪಕ್ಕಪಕ್ಕ ಇರುತ್ತವೆ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ಬದಲಿಸಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ದಿನನಿತ್ಯ ಗೊತ್ತಾಗಲ್ಲ. ಒಂದು ಡ್ರೈವ್ ಕೆಟ್ಟು ಹೊಸದಕ್ಕೆ ರೀಬಿಲ್ಡ್ (ಉಳಿದ ಡ್ರೈವ್‌ನಿಂದ ಎಲ್ಲವನ್ನೂ ನಕಲು ಮಾಡುವುದು) ಶುರುವಾದಾಗ ಗಂಟೆಗಳ ಕೆಲಸ ದಿನಗಟ್ಟಲೆ ಎಳೆಯಬಹುದು. ಡಬ್ಬದ ಮೇಲಿನ 'ನ್ಯಾಸ್' ಅನ್ನುವ ಪದವನ್ನು ನಂಬಬೇಡಿ: ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನಲ್ಲೇ 2ರಿಂದ 6 ಟಿಬಿ ಡ್ರೈವ್‌ಗಳು ಎಸ್‌ಎಂಆರ್ ಅನ್ನುವುದು 2020ರಲ್ಲಿ ಬಯಲಾಯಿತು. ಲೇಬಲ್‌ನಲ್ಲಿ ಡಬ್ಲ್ಯುಡಿ40ಇಎಫ್‌ಎಎಕ್ಸ್ ಅಂತಿದ್ದರೆ ಬಿಡಿ. ಡಬ್ಲ್ಯುಡಿ40ಇಎಫ್‌ಪಿಎಕ್ಸ್, ಅಂದರೆ ರೆಡ್ ಪ್ಲಸ್, ಸಿಎಂಆರ್. ಸೀಗೇಟ್ ಐರನ್‌ವುಲ್ಫ್ ಕೂಡ ಸಿಎಂಆರ್.

ಎರಡನ್ನೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಳ್ಳದಿದ್ದರೆ ಒಳ್ಳೆಯದು. ಒಂದೇ ಬ್ಯಾಚಿನ ದೋಷ ಎರಡರಲ್ಲೂ ಇರಬಹುದು. ತಂದ ಕೂಡಲೇ ಸ್ಮಾರ್ಟ್ (ಡ್ರೈವ್ ತನ್ನನ್ನೇ ಪರೀಕ್ಷಿಸಿಕೊಳ್ಳುವ ವ್ಯವಸ್ಥೆ) ಎಕ್ಸ್‌ಟೆಂಡೆಡ್ ಟೆಸ್ಟ್ ಹಚ್ಚಿ, ರಾತ್ರಿಯಿಡೀ ಓಡಲಿ. ಸ್ಮಾರ್ಟ್ ಪಟ್ಟಿಯಲ್ಲಿ 5 ಮತ್ತು 197ನೇ ಸಂಖ್ಯೆಯ ಸಾಲುಗಳು ಕೆಟ್ಟ ಜಾಗಗಳ ಎಣಿಕೆ; ಅವುಗಳ ರಾ ವ್ಯಾಲ್ಯೂ ಸೊನ್ನೆ ಇಲ್ಲದಿದ್ದರೆ ಅವತ್ತೇ ವಾಪಸ್ ಕೊಡಿ.

ನ್ಯಾಸನ್ನು ಅಟ್ಟದ ಮೇಲಂತೂ ಇಡಬೇಡಿ, ಏಪ್ರಿಲ್‌ನಲ್ಲಿ ಅಲ್ಲಿ ಬೇಯುತ್ತದೆ. ಮಳೆಗಾಲಕ್ಕೆ ಒಂದು ಯುಪಿಎಸ್ ಬೇಕು, ಯುಎಸ್‌ಬಿ ಕೇಬಲ್ ನ್ಯಾಸ್‌ಗೆ ಸಿಕ್ಕಿಸಿರಬೇಕು. ಇಲ್ಲದಿದ್ದರೆ ಬ್ಯಾಟರಿ ಮುಗಿಯುವುದು ನ್ಯಾಸ್‌ಗೆ ತಿಳಿಯುವುದೇ ಇಲ್ಲ, ತಾನಾಗಿ ಸರಿಯಾಗಿ ಆಫ್ ಆಗುವುದೂ ಇಲ್ಲ.