ಅಕ್ಕಿಕಾಳಿನಷ್ಟು ಪೇಸ್ಟು

ರಾತ್ರಿ ಮಗಳ ಮೇಲ್ತುಟಿ ಎತ್ತಿ ನೋಡಿದೆ. ಒಸಡಿನ ಅಂಚಿನಲ್ಲಿ ಸುಣ್ಣದ ಗೆರೆಯಂಥ ಬಿಳುಪು. ಹುಳುಕು ಶುರುವಾಗುವುದೇ ಹೀಗಂತೆ. ಎದೆ ಧಸಕ್ಕೆಂದಿತು.

ಆ ಗಾಬರಿಯಲ್ಲೇ ಓದುತ್ತಾ ಕೂತವಳು ಕೆನಡಾದ ಮೂಲನಿವಾಸಿ ಮಕ್ಕಳವರೆಗೂ ಹೋದೆ. ಫಸ್ಟ್ ನೇಷನ್ಸ್, ಇನ್ಯೂಟ್ ಜನರ ಎಷ್ಟೋ ಊರುಗಳಿಗೆ ವರ್ಷಪೂರ್ತಿ ಓಡಾಡುವ ರಸ್ತೆಯೇ ಇಲ್ಲ, ವಿಮಾನವೇ ಗತಿ. ಹಲ್ಲಿನ ಡಾಕ್ಟರು ಬರುವುದು ಯಾವಾಗಲೋ ಒಮ್ಮೆ. ಹಲ್ಲು ಪೂರ್ತಿ ಹಾಳಾದ ಪುಟ್ಟ ಮಗುವನ್ನು ದೂರದ ನಗರಕ್ಕೆ ಒಯ್ದು, ಅರಿವಳಿಕೆ ಕೊಟ್ಟು, ಒಟ್ಟಿಗೇ ಹಲವು ಹಲ್ಲು ಕೀಳುತ್ತಾರೆ. ಆಮೇಲೆ 'ತಾಯಂದಿರು ಸರಿಯಾಗಿ ನೋಡಿಕೊಳ್ಳಲ್ಲ' ಅನ್ನುವ ಮಾತು ಬೇರೆ! ಕೆಲವು ಕಡೆ ನಲ್ಲಿ ನೀರನ್ನೂ ಕುದಿಸದೆ ಕುಡಿಯುವ ಹಾಗಿಲ್ಲ. ಸಿಹಿ ಪಾನೀಯ ಸುಲಭವಾಗಿ ಸಿಗುತ್ತೆ. ಬೈಯಬೇಕಾದ್ದು ಯಾರನ್ನು?

2004ರಲ್ಲಿ ಅಲ್ಲಿ ಶುರುವಾದ ಯೋಜನೆಯೊಂದು ನನಗೆ ಇಷ್ಟವಾಯಿತು. ಏಳು ವರ್ಷದೊಳಗಿನ ಮಕ್ಕಳ ಜೊತೆ ಗರ್ಭಿಣಿಯರನ್ನೂ ಸೇರಿಸಿಕೊಂಡಿತು. ಆಯಾ ಊರಿನವರಿಗೇ ತರಬೇತಿ. ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಅನ್ನುವ ಹುಳುಕು ತಡೆಯುವ ಲೇಪ ಬಳಿಯಲು ಕೆಲವೇ ನಿಮಿಷ ಸಾಕು, ಡ್ರಿಲ್ಲಿನ ಸದ್ದೂ ಇಲ್ಲ. ಪರಿಚಯದ ಮುಖ, ತಮ್ಮದೇ ಮಾತು ಅಂದರೆ ಮಗು ಸುಮ್ನೆ ಬಾಯಿ ತೆರೆಯುತ್ತೆ ಅಲ್ವಾ?

ನಮ್ಮ ಮನೆಯಲ್ಲಿ ಮಗಳು ಅಮ್ಮನಿಗೂ ಸುಮ್ನೆ ಬಾಯಿ ತೆರೆಯಲ್ಲ. ಅಕ್ಕಿಕಾಳಿನಷ್ಟು ಪೇಸ್ಟು ಹಚ್ಚಿದ ಬ್ರಷ್ ಸದ್ಯಕ್ಕೆ ಅವಳ ಹಲ್ಲುಗಳ ಮಧ್ಯೆ ಸಿಕ್ಕಿಕೊಂಡಿದೆ. ಬಿಡ್ತಾ ಇಲ್ಲ.