ಒಂಬತ್ತು ಅಕ್ಕಿಚೀಲದ ಭಾರ

ಕೆನಡಾದ ವಿನ್ನಿಪೆಗ್‌ನಲ್ಲಿ ಮಗನ ಮನೆಗೆ ಬಂದು ಎರಡು ತಿಂಗಳಾಯಿತು. ಮೊನ್ನೆ ಸಂಜೆ ಐದನೇ ಕ್ಲಾಸಿನ ಮೊಮ್ಮಗಳು ಹೋಂವರ್ಕ್ ಹಾಳೆ ತಂದು ನನ್ನ ಮುಂದಿಟ್ಟಳು. ತುಪ್ಪಳದ ವ್ಯಾಪಾರ ಹೇಗೆ ನಡೆಯಿತು? ಈ ಊರಿಗೆ ನೆಲೆಸಲು ಬಂದವರು ಯಾರು? "ಅಜ್ಜಿ, ನೀನು ಹಿಸ್ಟರಿ ಟೀಚರ್ ಅಲ್ವಾ, ಹೇಳು." ಸಾಗರದ ಕಡೆ ಇಪ್ಪತ್ತೆಂಟು ವರ್ಷ ಸಮಾಜ ಪಾಠ ಮಾಡಿದ್ದೇನೆ, ನಿಜ. ಆದರೆ ಈ ನೆಲದ ಕಥೆಯನ್ನು ಅವಳ ಪಕ್ಕ ಕೂತೇ ಓದಿದೆ.

ಎಲ್ಲಕ್ಕೂ ಮೂಲ ಬೀವರ್. "ನೀರುನಾಯಿಯೇನೇ?" ಎಂದೆ. "ಅಲ್ಲ ಅಜ್ಜಿ, ಅದು ಮೀನು ತಿನ್ನತ್ತೆ. ಇದು ಮರ ಕಡಿದು ಒಡ್ಡು ಕಟ್ಟತ್ತೆ." ಹೋದ ವಾರ ಮ್ಯೂಸಿಯಂನಲ್ಲಿ ಅದರ ಚರ್ಮದ ಮೇಲೆ ಕೈಯಾಡಿಸಿದ್ದೆವು. ಮೇಲೆ ಒರಟಾದ ಉದ್ದ ಕೂದಲು. ಬೆರಳಿನಿಂದ ಬಿಡಿಸಿದರೆ ಒಳಗೆ ಹತ್ತಿಯಂಥ ದಟ್ಟ ತುಪ್ಪಳ. ಯುರೋಪಿನ ಟೋಪಿಗೆ ಬೇಕಾಗಿದ್ದುದು ಈ ಒಳಗಿನದು. ಇಲ್ಲಿನ ಮೂಲನಿವಾಸಿಗಳು ಚಳಿಗಾಲವೆಲ್ಲ ಮೈಗೆ ತಾಗಿಸಿ ಹೊದ್ದ ಹಳೆಯ ಹೊದಿಕೆಗಳಲ್ಲಿ ಒರಟು ಕೂದಲು ತಾನಾಗಿಯೇ ಸವೆದು ಉದುರಿರುತ್ತಿತ್ತು. ಅಂಥವಕ್ಕೆ ಮೊದಮೊದಲು ಬೆಲೆ ಹೆಚ್ಚು.

1670ರ ಮೇ 2ರಂದು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ತುಪ್ಪಳದ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಗೆ ಸನ್ನದು ಕೊಟ್ಟ. ಹಡ್ಸನ್ ಕೊಲ್ಲಿಗೆ ಹರಿಯುವ ನದಿಗಳ ನೆಲವೆಲ್ಲ ಕಂಪನಿಗೆ! ಇಡೀ ಭಾರತಕ್ಕಿಂತ ದೊಡ್ಡದು. ಅಲ್ಲಿದ್ದ ಕ್ರೀ ಜನರನ್ನು ಯಾರೂ ಕೇಳಲಿಲ್ಲ. ಈಸ್ಟ್ ಇಂಡಿಯಾ ಕಂಪನಿಗೆ 1600ರಲ್ಲೇ ಸನ್ನದು ಸಿಕ್ಕಿತ್ತು ಎಂದು ಹೇಳಿದೆ. ಮಗು ಪೆನ್ಸಿಲ್ ಕೆಳಗಿಟ್ಟು, "ಈ ಹಡ್ಸನ್ಸ್ ಬೇ ಕಂಪನಿಯವರೇನಾ ನಮ್ಮೂರಿಗೂ ಬಂದಿದ್ದು?" ಎಂದಳು. ಅವರೇ ಅಲ್ಲ, ಆದರೆ ಅದೇ ಬಗೆಯವರು.

ಎದುರಾಳಿಯಾಗಿದ್ದ ನಾರ್ತ್ ವೆಸ್ಟ್ ಕಂಪನಿಯ ದೋಣಿಯಾಳುಗಳು ಮಾಂಟ್ರಿಯಲ್‌ನಿಂದ ಬರುತ್ತಿದ್ದರು. ದೋಣಿ ಸಾಗದ ಕಡೆ 90 ಪೌಂಡಿನ ಎರಡು ಮೂಟೆ ಬೆನ್ನಿಗೇರಿಸಿ ನಡೆಯಬೇಕು. ನಮ್ಮ ಅಡುಗೆಮನೆಯ ಸೋನಾಮಸೂರಿ ಚೀಲ 20 ಪೌಂಡು. ಮಗು ಭಾಗಿಸಿ ನೋಡಿ "ಒಂಬತ್ತು ಚೀಲ!" ಎಂದು ಬಾಯಿ ತೆರೆದಳು. ಅವರ ಬುತ್ತಿ ಪೆಮಿಕನ್: ಒಣಗಿಸಿ ಕುಟ್ಟಿದ ಕಾಡೆಮ್ಮೆಯ ಮಾಂಸಕ್ಕೆ ಕರಗಿಸಿದ ಕೊಬ್ಬು ಕಲಸಿದ್ದು. ಮಾಂಸ ಕುಟ್ಟಿದವರು, ಚರ್ಮ ಹೆರೆದವರು, ಹಿಮದಲ್ಲಿ ನಡೆಯುವ ಪಾದರಕ್ಷೆ ಹೆಣೆದವರು ಬಹುಪಾಲು ಹೆಂಗಸರು. ಹಾಳೆಯಲ್ಲಿ ಅವರ ಬಗ್ಗೆ ಪ್ರಶ್ನೆಯೇ ಇರಲಿಲ್ಲ. ನನಗೆ ಬೇಜಾರಾಯಿತು. ಅಂಚಿನಲ್ಲಿ ಬರೆಸಿದೆ.

ನೆಲೆಸಲು ಬಂದವರೆಂದರೆ ಸ್ಕಾಟ್ಲೆಂಡಿನ ಸಿರಿವಂತ ಲಾರ್ಡ್ ಸೆಲ್ಕರ್ಕ್ ಕಳಿಸಿದ ಸ್ಕಾಟ್ಲೆಂಡ್, ಐರ್ಲೆಂಡಿನ ಬಡವರು. 1812ರಲ್ಲಿ ಈ ಊರಿನ ರೆಡ್ ನದಿಯ ದಡಕ್ಕೆ ಬಂದರು. ಬೆಳೆಯಿಲ್ಲ, ಮನೆಯಿಲ್ಲ, ಮುಂದೆ ಚಳಿಗಾಲ. ಇಲ್ಲಿನ ಮೂಲನಿವಾಸಿಗಳಾದ ಸೋಲ್ಟೋ ಜನರ ನಾಯಕ ಪೆಗುಯಿಸ್ ಅವರ ಕೈಹಿಡಿದ. ಅವನ ಜನ ಕಾಡೆಮ್ಮೆ ಸಿಗುವ ಪೆಂಬಿನಾಕ್ಕೆ ದಾರಿ ತೋರಿಸಿದರು. 1817ರಲ್ಲಿ ಅವನೂ ಇತರ ನಾಲ್ವರು ನಾಯಕರೂ ಸೆಲ್ಕರ್ಕ್ ಜೊತೆ ನೆಲದ ಒಪ್ಪಂದಕ್ಕೆ ಗುರುತು ಹಾಕಿದರು. ಅಷ್ಟು ಮಾಡಿದವನ ವಂಶದವರನ್ನೇ 1907ರಲ್ಲಿ ಅವರ ಫಲವತ್ತಾದ ನೆಲದಿಂದ ಉತ್ತರಕ್ಕೆ ಸಾಗಹಾಕಿದರು. ಇದನ್ನು ಓದುವಾಗ ಶರಾವತಿಯಲ್ಲಿ ಮುಳುಗಡೆಯಾದ ಊರುಗಳವರ ಮುಖ ನೆನಪಾಗಿ ಸ್ವಲ್ಪ ಹೊತ್ತು ಸುಮ್ಮನಾದೆ.

"ಅಜ್ಜಿ, ಉತ್ತರಕ್ಕೆ ಮೂರೇ ಗೆರೆ ಬಿಟ್ಟಿದಾರೆ," ಎಂದಳು. ಹಿಂದಿನ ಪುಟಕ್ಕೂ ಬರಿ ಎಂದೆ. ಕಿಲ್ಡೋನನ್ ಪಾರ್ಕಿನಲ್ಲಿ ಪೆಗುಯಿಸ್ ಸ್ಮಾರಕವಿದೆಯಂತೆ. ಶನಿವಾರ ಇಬ್ಬರೂ ಹೋಗುತ್ತಿದ್ದೇವೆ.