ಕೊಡಗಿನ ಮಳೆಯಲ್ಲಿ ಖಾಜ್ ಅಲ್ಗಾರ್: 'ದಿ ವಾರ್ ವಿದಿನ್' ಆಡಲು ಹೋಗುವವರಿಗೆ

ಮಳೆಗಾಲದಲ್ಲಿ ಕೊಡಗಿಗೆ ಹೋಗಿ ಗೇಮ್ ಆಡುವ ಯೋಚನೆ ಇದ್ದರೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ. ಡೆಸ್ಕ್‌ಟಾಪ್ ಬೇಡ. ನಾನು ಮೈಸೂರಿನಿಂದ ಕಾರಿನ ಹಿಂದಿನ ಸೀಟಿನಲ್ಲಿ, ದಿಂಬುಗಳ ಮಧ್ಯೆ ಡೆಸ್ಕ್‌ಟಾಪ್ ಇಟ್ಟುಕೊಂಡು ಹೋಗಿದ್ದೆ. ಇದ್ದ ಹದಿಮೂರು ದಿನದಲ್ಲಿ ಅದು ನೆಮ್ಮದಿಯಾಗಿ ಓಡಿದ್ದು ಐದಾರು ದಿನ ಅಷ್ಟೇ. ಮಿಕ್ಕ ದಿನಗಳಲ್ಲಿ ಕೈಹಿಡಿದದ್ದು, ಬ್ಯಾಗಿನಲ್ಲಿ ಸುಮ್ನೆ ಇರಲಿ ಅಂತ ಹಾಕಿಕೊಂಡಿದ್ದ ಹಳೇ ಲ್ಯಾಪ್‌ಟಾಪ್.

ಇದು 2024ರ ಆಗಸ್ಟ್ ಕೊನೆಯ ಮಾತು. ಬಹಳ ಜನ ಆನ್‌ಲೈನ್‌ನಲ್ಲಿ ಜೊತೆಯಾಗಿ ಆಡುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಗೇಮ್ ಶುರುವಾಗಿ ಆ ವರ್ಷಕ್ಕೆ 20 ವರ್ಷ. ಅದರ ಹತ್ತನೇ ಎಕ್ಸ್‌ಪಾನ್ಷನ್ (ಹೊಸ ಕಥೆ, ಹೊಸ ಜಾಗಗಳ ಕಂತು) 'ದಿ ವಾರ್ ವಿದಿನ್', ಖಾಜ್ ಅಲ್ಗಾರ್ ಎಂಬ ಹೊಸ ನಾಡಿನ ಕಥೆ, ನಮ್ಮ ಸಮಯದ ಪ್ರಕಾರ ಆಗಸ್ಟ್ 27ರ ಬೆಳಗಿನ ಜಾವ 3.30ಕ್ಕೆ ಎಲ್ಲರಿಗೂ ತೆರೆಯಿತು. ದುಬಾರಿ ಎಪಿಕ್ ಎಡಿಷನ್ ಕೊಂಡವರಿಗೆ 23ರ ಬೆಳಗಿನ ಜಾವವೇ ಬಾಗಿಲು ತೆರೆದಿತ್ತು. ನಾನೂ ನನ್ನ ಕಾಲೇಜು ಗೆಳೆಯನೂ 2016ರಲ್ಲಿ 'ಲೀಜನ್' ಎಂಬ ಎಕ್ಸ್‌ಪಾನ್ಷನ್ ಬಂದಾಗಿನಿಂದ ಜೊತೆಯಾಗಿ ಆಡುತ್ತಿದ್ದೇವೆ. ಆದರೆ ಒಂದೇ ಮನೆಯಲ್ಲಿ, ಪಕ್ಕಪಕ್ಕ ಕೂತು ಯಾವತ್ತೂ ಆಡಿರಲಿಲ್ಲ. ಅವನ ಮನೆ ವಿರಾಜಪೇಟೆ ಕಡೆ, ಕಾಫಿ ತೋಟದ ನಡುವೆ. "ಈ ಸಲ ಬಂದುಬಿಡು" ಅಂದ. ರಜೆ ಹಾಕಿ ಹೊರಟೆ.

ಇಬ್ಬರು ಹೋಗುವುದಾದರೆ ಇಬ್ಬರೂ ಒಂದೇ ಎಡಿಷನ್ ಕೊಳ್ಳಿ. ಇದನ್ನು ಮೊದಲೇ ಮಾತಾಡಿಕೊಳ್ಳಬೇಕಿತ್ತು. ನಾನು ಎಪಿಕ್ ಕೊಂಡಿದ್ದೆ, ಅವನು ಕಡಿಮೆ ಬೆಲೆಯದ್ದು ಕೊಂಡಿದ್ದ. ನಾಲ್ಕು ದಿನ ಆಟ ನನಗೆ ಮಾತ್ರ ತೆರೆದಿತ್ತು. ನಾನು ಆಡಿದೆ, ಅವನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿದ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಎರಡನೇ ದಿನ ಸಂಜೆ ಅವನು ಎದ್ದು ತೋಟಕ್ಕೆ ಹೋದಾಗ ನನಗೆ ಬಹಳ ಬೇಜಾರಾಯಿತು. ಎಷ್ಟೋ ವರ್ಷದಿಂದ ಜೊತೆಗೆ ಆಡಿದವನು, ಅಲ್ವಾ? ಆಮೇಲೆ ನನ್ನ ಮುಖ್ಯ ಕ್ಯಾರೆಕ್ಟರನ್ನು ಅಲ್ಲೇ ನಿಲ್ಲಿಸಿ 27ಕ್ಕಾಗಿ ಕಾದೆ. ಮೊದಲು ಹೋಗಿ ಸೇರಿದವರಿಗೆ ಸಿಗುವುದು ನಾಲ್ಕು ದಿನದ ಮುನ್ನಡೆ, ಅಷ್ಟೇ. ಅದಕ್ಕೆ ಅಷ್ಟು ಹಣ ಕೊಡಬೇಕಾಗಿಲ್ಲ. ಹಳೇ ಎಕ್ಸ್‌ಪಾನ್ಷನ್‌ಗಳೆಲ್ಲ ತಿಂಗಳ ಸಬ್‌ಸ್ಕ್ರಿಪ್ಷನ್‌ನಲ್ಲೇ ಬರುತ್ತವೆ. ಹೊಸಬರಾದರೆ ಒಂದೇ ತಿಂಗಳದ್ದು ಕಟ್ಟಿ ನೋಡಿ.

ದಾರಿ ವಿಷಯ ಜಾಸ್ತಿ ಹೇಳುವುದಿಲ್ಲ. ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ. ನಡುವೆ ಕಾಡಿದೆ, ಆನೆ ಓಡಾಡುತ್ತದೆ. ಹಗಲಲ್ಲೇ ದಾಟಿಬಿಡಿ. ಮಡಿಕೇರಿ ಕಡೆ ಹೋಗುವವರಿಗೆ ಪಿರಿಯಾಪಟ್ಟಣ, ಕುಶಾಲನಗರದ ರಸ್ತೆ ಸರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕರೆಂಟು ಮತ್ತು ಇಂಟರ್‌ನೆಟ್. ತೋಟದ ಮನೆಗಳಿಗೆ ಬರುವ ಲೈನ್ ಸಿಲ್ವರ್ ಓಕ್ ಮರಗಳ ನಡುವೆಯೇ ಬರುತ್ತದೆ. ಗಾಳಿ ಮಳೆಗೆ ಒಂದು ಕೊಂಬೆ ಬಿದ್ದರೆ ಸಾಕು, ಕರೆಂಟ್ ಹೋಗುತ್ತದೆ. ಫೈಬರ್ ಕೇಬಲ್ ಕೂಡ ಅದೇ ಕಂಬಗಳ ಮೇಲೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆ ಮಳೆಯಲ್ಲಿ ನೆನೆದುಕೊಂಡು ಕಂಬ ಹತ್ತುವ ಲೈನ್‌ಮ್ಯಾನ್‌ಗಳನ್ನು ಕಣ್ಣಾರೆ ನೋಡಿದ ಮೇಲೆ ನಾನು ಕರೆಂಟ್ ಬಗ್ಗೆ ದೂರುವುದನ್ನೇ ಬಿಟ್ಟೆ. ಆದರೆ ನಾವು ತಯಾರಿರಬೇಕು.

ಗೇಮ್ ಡೌನ್‌ಲೋಡ್ ಊರಲ್ಲೇ ಮುಗಿಸಿ. 128 ಜಿಬಿ ಎಸ್‌ಎಸ್‌ಡಿ ಜಾಗ ಬೇಕೆಂದು ಕಂಪನಿಯೇ ಹೇಳುತ್ತದೆ. ಅಷ್ಟನ್ನು ಅಲ್ಲಿ ಇಳಿಸಿಕೊಳ್ಳಲು ಕೂತರೆ ರಜೆಯೇ ಮುಗಿದುಹೋಗುತ್ತದೆ. ಗೇಮ್ ಇರುವ ಇಡೀ ಫೋಲ್ಡರನ್ನು ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಕಾಪಿ ಮಾಡಿಕೊಂಡಿರಿ. ನನ್ನ ಹಳೇ ಲ್ಯಾಪ್‌ಟಾಪಿಗೆ ಜೀವ ಬಂದದ್ದು ಹಾಗೆಯೇ. ಗೇಮ್ ತೆರೆಯುವ ಬ್ಯಾಟಲ್‌ನೆಟ್ ಲಾಂಚರಿಗೆ ಫೋಲ್ಡರ್ ಎಲ್ಲಿದೆ ಎಂದು ತೋರಿಸಿದರೆ ಸಾಕು, ಸಣ್ಣ ಅಪ್‌ಡೇಟ್ ಬಿಟ್ಟು ಮತ್ತೆ ಇಳಿಸಿಕೊಳ್ಳಬೇಕಾಗಿಲ್ಲ.

ಆಡುವಾಗ ಮಾತ್ರ ಡೇಟಾ ತೀರಾ ಕಡಿಮೆ ಸಾಕು. ಕೇಬಲ್ ಹೋದ ದಿನಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಆಡಿದೆವು. ಫೋನನ್ನು ಸಿಗ್ನಲ್ ಚೆನ್ನಾಗಿರುವ ಕಿಟಕಿ ಹತ್ತಿರ ಇಟ್ಟು, ಅಲ್ಲಿಂದ ಅಲುಗಾಡಿಸಬೇಡಿ. ಭಾರತದಲ್ಲಿ ಈ ಗೇಮಿಗೆ ಸರ್ವರ್ ಇಲ್ಲ. ನಾವು ಯುರೋಪಿನ ಸರ್ವರ್‌ನಲ್ಲಿ ಆಡುತ್ತೇವೆ. ಮೈಸೂರಲ್ಲಿ ನನಗೆ ಪಿಂಗ್, ಅಂದರೆ ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ, 150 ಮಿಲಿಸೆಕೆಂಡ್ ಆಸುಪಾಸು ಇರುತ್ತದೆ. ಅಲ್ಲಿ ಹಾಟ್‌ಸ್ಪಾಟ್‌ನಲ್ಲಿ 180, 200 ಆಗುತ್ತಿತ್ತು. ಕ್ವೆಸ್ಟ್ (ಗೇಮ್ ಕೊಡುವ ಕೆಲಸ) ಮಾಡಲು ಅಷ್ಟು ಸಾಕು.

ಇನ್ನು ಯುಪಿಎಸ್. ಹೊರಡುವ ಹಿಂದಿನ ದಿನ ಒಂದು ಅಂಗಡಿಯಲ್ಲಿ ಕೊಂಡಿದ್ದೆ. ಅರ್ಧ ಗಂಟೆ ಬರುತ್ತದೆ ಎಂದಿದ್ದರು. 24ರ ರಾತ್ರಿ ಕರೆಂಟ್ ಹೋದಾಗ ಆರೇ ನಿಮಿಷಕ್ಕೆ ಬೀಪ್ ಅನ್ನುತ್ತಾ ಆರಿತು. ಮನೆಯಲ್ಲೇ ಒಂದು ಸಲ ಪ್ಲಗ್ ಕಿತ್ತು ನೋಡಿ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಪರೀಕ್ಷೆ ಮಾಡಿಕೊಂಡೇ ಹೊರಡಿ. ಅದಕ್ಕಿಂತ ಉಪಯೋಗಕ್ಕೆ ಬಂದದ್ದು ರೌಟರಿಗೆ ಹಾಕುವ ಚಿಕ್ಕ ಬ್ಯಾಟರಿ. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಗೇಮಿನ ಗ್ರಾಫಿಕ್ಸ್ ಸೆಟ್ಟಿಂಗ್‌ಗೆ ಹೋಗಿ ಎಫ್‌ಪಿಎಸ್ (ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) ಮಿತಿಯನ್ನು 30ಕ್ಕೆ ಇಳಿಸಿ. ನನ್ನದು ಒಂದು ಗಂಟೆಗೆ ಸತ್ತುಹೋಗುತ್ತಿತ್ತು, ಹೀಗೆ ಮಾಡಿದ ಮೇಲೆ ಎರಡು ಗಂಟೆ ಹತ್ತಿರ ಬಂತು.

ಆ 24ರ ರಾತ್ರಿ ನಾನು 'ದಿ ರೂಕರಿ' ಡಂಜನ್‌ನಲ್ಲಿ (ಐದು ಜನ ಸೇರಿ ಶತ್ರುಗಳ ಜೊತೆ ಕಾದಾಡುವ ಜಾಗ) ಹೀಲರ್, ಅಂದರೆ ಉಳಿದವರ ಗಾಯ ವಾಸಿ ಮಾಡಿ ಬದುಕಿಸುವವನು, ಆಗಿದ್ದೆ. ಜೊತೆಗೆ ನಾಲ್ಕು ಜನ ಅಪರಿಚಿತರು. ಬಾಸ್, ಅಂದರೆ ದೊಡ್ಡ ಶತ್ರುವಿನ ಮುಂದೆ ಕರೆಂಟ್ ಹೋಯಿತು. ಅಷ್ಟು ಜನ ನನ್ನನ್ನು ನಂಬಿ ನಿಂತಿದ್ದರು. ಹಾಟ್‌ಸ್ಪಾಟ್ ಹಾಕಿ ವಾಪಸ್ ಬರುವಷ್ಟರಲ್ಲಿ ಎಲ್ಲರೂ ಸತ್ತಿದ್ದರು, ಇಬ್ಬರು ಬಿಟ್ಟೂ ಹೋಗಿದ್ದರು. ಕ್ಷಮೆ ಕೇಳಿದೆ. ಆದರೆ ಅವರ ಸಮಯ ಹಾಳಾಗಿದ್ದು ಹಾಳಾಯಿತು. ಕರೆಂಟಿನ ಭರವಸೆ ಇಲ್ಲದ ಕಡೆ ಹೀಲರ್ ಅಥವಾ ಟ್ಯಾಂಕ್ (ಮುಂದೆ ನಿಂತು ಏಟು ತಿನ್ನುವವನು) ಆಗಿ ಹೊರಗಿನವರ ಜೊತೆ ಹೋಗಬೇಡಿ. ಅದು ಸರಿಯಲ್ಲ. ಫಾಲೋವರ್ ಡಂಜನ್ ಅಂತ ಇದೆ, ಅದರಲ್ಲಿ ಕಂಪ್ಯೂಟರೇ ನಡೆಸುವ ಜೊತೆಗಾರರು ಸಿಗುತ್ತಾರೆ. ನೀವು ಮಧ್ಯದಲ್ಲಿ ಮಾಯವಾದರೂ ಯಾರಿಗೂ ನಷ್ಟ ಇಲ್ಲ.

ಇನ್ನೂ ಒಳ್ಳೆಯದು ಡೆಲ್ವ್. ಇದು ಈ ಎಕ್ಸ್‌ಪಾನ್ಷನ್‌ನಲ್ಲೇ ಹೊಸದಾಗಿ ಬಂದದ್ದು. ಚಿಕ್ಕ ಚಿಕ್ಕ ಗುಹೆಗಳು, ಒಬ್ಬರೇ ಹೋಗಬಹುದು, ಐದು ಜನದವರೆಗೂ ಹೋಗಬಹುದು. ಜೊತೆಗೆ ಬ್ರಾನ್ ಬ್ರಾಂಜ್‌ಬಿಯರ್ಡ್ ಎಂಬ ಗೇಮಿನದೇ ಪಾತ್ರ ಬರುತ್ತಾನೆ. ಅವನನ್ನು ಹೀಲರ್ ಆಗಿ ಇಟ್ಟುಕೊಳ್ಳಿ. ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಒಂದು ಮುಗಿಯುತ್ತದೆ. ಕರೆಂಟ್ ಬಂದು ಹೋಗುವ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ನಾವಿಬ್ಬರೂ 27ರ ನಂತರ ದಿನಕ್ಕೆ ಮೂರು ನಾಲ್ಕು ಡೆಲ್ವ್ ಮಾಡುತ್ತಿದ್ದೆವು.

ಕಥೆಯ ಶುರು ಡಲರಾನ್ ನಗರದಿಂದ. ಅಲ್ಲಿ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಮೊದಲ ಒಂದು ಗಂಟೆ ಕರೆಂಟ್ ಇರುವಾಗಲೇ, ಹೆಡ್‌ಫೋನ್ ಹಾಕಿಕೊಂಡು, ಯಾರೂ ಮಧ್ಯೆ ಕರೆಯದ ಹೊತ್ತಿನಲ್ಲಿ ಆಡಿ. ಅಲ್ಲಿಂದ ಡೋರ್ನ್ ದ್ವೀಪ. ಕಲ್ಲಿನ ಜನ ಅರ್ಥನ್‌ಗಳ ಊರು, ಅವರ ರಾಜಧಾನಿ ಡೋರ್ನೋಗಾಲ್. ಮೊದಲ ಕ್ಯಾರೆಕ್ಟರಿನಲ್ಲಿ ಕ್ಯಾಂಪೇನ್ (ಮುಖ್ಯ ಕಥೆಯ) ಕ್ವೆಸ್ಟುಗಳನ್ನೇ ಹಿಡಿದು ಹೋಗಿ. ಲೆವೆಲ್ 70ರಿಂದ 80ಕ್ಕೆ ಏರಲು ಬೇರೆ ಸರ್ಕಸ್ ಬೇಕಿಲ್ಲ. 71ರಿಂದ ಹೀರೋ ಟ್ಯಾಲೆಂಟ್ ಎಂಬ ಹೊಸ ಶಕ್ತಿಗಳು ಸಿಗುತ್ತಾ ಹೋಗುತ್ತವೆ. ಹಾರಲು ಸ್ಕೈರೈಡಿಂಗ್ ಮೊದಲ ದಿನದಿಂದಲೇ ಇದೆ. ಆಟ ನಿಲ್ಲಿಸುವಾಗ ಗೇಮಿನೊಳಗಿನ ಯಾವುದಾದರೂ ಇನ್ (ತಂಗುವ ಮನೆ) ಒಳಗೇ ಲಾಗೌಟ್ ಆಗಿ. ಕರೆಂಟ್ ಇಲ್ಲದ ಹೊತ್ತೆಲ್ಲ ರೆಸ್ಟೆಡ್ ಎಕ್ಸ್‌ಪಿಯಾಗಿ, ಅಂದರೆ ಲೆವೆಲ್ ಬೇಗ ಏರಿಸುವ ಹೆಚ್ಚುವರಿ ಅಂಕವಾಗಿ, ವಾಪಸ್ ಬರುತ್ತದೆ.

ದ್ವೀಪದಿಂದ ಕೋರ್‌ವೇ ಎಂಬ ದೊಡ್ಡ ಕೊರಕಲಿನ ಮೂಲಕ ನೆಲದ ಕೆಳಗೆ ಇಳಿಯಬೇಕು. ಇಳಿದರೆ 'ರಿಂಗಿಂಗ್ ಡೀಪ್ಸ್'. ಇದು ಕೋಬೋಲ್ಡ್‌ಗಳ ಜಾಗ. ತಲೆ ಮೇಲೆ ಮೇಣದಬತ್ತಿ ಹೊತ್ತು ಓಡಾಡುವ, ಇಲಿ ಮೂತಿಯ ಪುಟ್ಟ ಜೀವಿಗಳು. 2004ರಿಂದಲೂ ಇವು ಗೇಮ್‌ನಲ್ಲಿವೆ. ನನ್ನ ಮೇಣದಬತ್ತಿ ಮುಟ್ಟಬೇಡ ಎಂದು ಕಿರುಚುತ್ತಾ ಸಾಯುವ ಇವುಗಳಿಗೆ ಕೊನೆಗೂ ಒಂದು ಕಥೆ ಸಿಕ್ಕಿದೆ.

ಇಲ್ಲಿರುವ 'ಡಾರ್ಕ್‌ಫ್ಲೇಮ್ ಕ್ಲೆಫ್ಟ್' ಡಂಜನ್ನನ್ನು ನಾವು 80 ಆದ ಮೇಲೆ, ಆಗಸ್ಟ್ ಕೊನೆಯ ರಾತ್ರಿ ಆಡಿದೆವು. ಆ ಹೊತ್ತು ಕರೆಂಟ್ ಇರಲಿಲ್ಲ. ಗೆಳೆಯನ ಅಮ್ಮ ಎರಡು ಲ್ಯಾಪ್‌ಟಾಪ್‌ಗಳ ಮಧ್ಯೆ ಒಂದು ಉಕ್ಕಿನ ತಟ್ಟೆಯಲ್ಲಿ ಮೇಣದಬತ್ತಿ ಹಚ್ಚಿಟ್ಟು ಹೋದರು. ನಾವಿಬ್ಬರೂ ಹೊಡೆಯುವವರು ಮಾತ್ರ, ಟ್ಯಾಂಕೂ ಅಲ್ಲ, ಹೀಲರೂ ಅಲ್ಲ. ಹೋಗುವ ಮೊದಲೇ ಉಳಿದ ಮೂವರಿಗೆ ನಮ್ಮ ಕರೆಂಟಿನ ಕಥೆ ಹೇಳಿದ್ದೆವು. ಡಂಜನ್ನಿನ ಕೊನೆಯಲ್ಲಿ ಕತ್ತಲೆಯೇ ಶತ್ರು. ಒಂದು ಮೇಣದಬತ್ತಿಯ ಬಂಡಿಯನ್ನು ಕಾಪಾಡಿಕೊಂಡು ಹೋಗಬೇಕು. ಕೊನೆಯ ಬಾಸಿನ ಹೆಸರೇ 'ದಿ ಡಾರ್ಕ್‌ನೆಸ್'. ಮೇಣ ಹೆಕ್ಕಿ ತಂದು ಹಾಕುತ್ತಾ ಬತ್ತಿ ಆರದ ಹಾಗೆ ನೋಡಿಕೊಳ್ಳಬೇಕು. ಆಗ ಕಿಟಕಿಯಿಂದ ಬೀಸಿದ ಗಾಳಿಗೆ ನಮ್ಮ ಮೇಜಿನ ಮೇಲಿನ ದೀಪ ವಾಲಿತು. ಗೆಳೆಯ ಎಡಗೈ ಅಡ್ಡ ಹಿಡಿದು, ಬಲಗೈಯಲ್ಲಿ ಆಡುತ್ತಾ, "ನೀನು ಮೇಣ ತಾ, ನಾನಿದನ್ನ ನೋಡ್ಕೊತೀನಿ" ಅಂದ. ಇಷ್ಟು ವರ್ಷದಲ್ಲಿ ಒಂದು ಡಂಜನ್ ನನಗೆ ಇಷ್ಟು ಹತ್ತಿರ ಅನ್ನಿಸಿದ್ದಿಲ್ಲ.

ನೋಡಲೇಬೇಕಾದ ಜಾಗ ಹ್ಯಾಲೋಫಾಲ್. ಇಲ್ಲಿಗೆ ಬಂದಾಗ ಅವಸರ ಮಾಡಬೇಡಿ, ದಮ್ಮಯ್ಯ. ಗುಹೆಯ ಬಾಯಿ ದಾಟುತ್ತಲೇ ನೆಲದಡಿಯಲ್ಲಿ ಒಂದು ಸಮುದ್ರ, ಹೊಲಗಳು, ಊರುಗಳು. ಮೇಲೆ ಸೂರ್ಯನ ಬದಲು ಬೆಲೆಡಾರ್ ಎಂಬ ಬೆಟ್ಟದಷ್ಟು ದೊಡ್ಡ ಸ್ಫಟಿಕ. ಅದರ ಬೆಳಕು ಕೆಲವು ಗಂಟೆಗೊಮ್ಮೆ ನೇರಳೆ ಕತ್ತಲೆಗೆ ತಿರುಗುತ್ತದೆ. ಅಲ್ಲಿ ಸಿಕ್ಕಿಕೊಂಡ ಅರಾಥಿ ಜನ ಅದಕ್ಕಾಗಿಯೇ ಊರಿನ ಸುತ್ತ ದೀಪಗಳನ್ನು ಕಾಯುತ್ತಾರೆ. 'ಸ್ಪ್ರೆಡಿಂಗ್ ದಿ ಲೈಟ್' ಎಂಬ ಕೆಲಸದಲ್ಲಿ ನಾವೂ ಸೇರಿ ಆರಿದ ಜ್ವಾಲೆಗಳನ್ನು ಹೊತ್ತಿಸಬೇಕು. ಬಹುಮಾನ ದೊಡ್ಡದೇನಲ್ಲ. ಆದರೂ ನಾನು ಮೂರು ಸಂಜೆ ಅದನ್ನೇ ಮಾಡಿದೆ. ಒಂದು ಕೈ ಇಲ್ಲದ, ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುವ ಫೇರಿನ್ ಲೋಥರ್ ಎಂಬ ಹುಡುಗಿಯ ಕ್ವೆಸ್ಟುಗಳನ್ನು ಬಿಡದೆ ಓದಿ.

ಗೆಳೆಯನ ಅಜ್ಜನಿಗೆ ಕಂಪ್ಯೂಟರ್ ಎಂದರೆ ಆಸಕ್ತಿ ಇಲ್ಲ. ಹ್ಯಾಲೋಫಾಲ್ ತೆರೆದಿದ್ದ ದಿನ ಮಾತ್ರ ಕಾಫಿ ಲೋಟ ಹಿಡಿದು ಹಿಂದೆ ನಿಂತರು. "ಇದು ಯಾವ ಊರು?" ಅಂದರು. "ನೆಲದ ಕೆಳಗಿನ ಊರು ಅಜ್ಜ, ಆ ಕಲ್ಲೇ ಅವರಿಗೆ ಸೂರ್ಯ" ಅಂದೆ. ಸ್ವಲ್ಪ ಹೊತ್ತು ನೋಡಿ, "ಮಳೆ ಇಲ್ಲದೆ ಗದ್ದೆ ಹೇಗೆ ಮಾಡ್ತಾರೆ?" ಅಂತ ಕೇಳಿದರು. ಇಬ್ಬರೂ ಉತ್ತರ ಹುಡುಕುತ್ತಾ ಆ ಹೊಲಗಳನ್ನೆಲ್ಲ ಸುತ್ತಿದೆವು. ಹಾಗೆ ನಿಧಾನವಾಗಿ ಒಂದೊಂದೇ ಹೊಲದ ಮೇಲೆ ಹಾರದಿದ್ದರೆ ಅಲ್ಲಿರುವುದು ಅರ್ಧವೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಕೊನೆಯದು ಅಜ್-ಕಾಹೆಟ್, ಜೇಡ ಜನರ ರಾಜ್ಯ. ಜೇಡ ಕಂಡರೆ ಭಯ ಇರುವವರು ಸೆಟ್ಟಿಂಗ್‌ನಲ್ಲಿ ಅರಾಕ್ನೋಫೋಬಿಯಾ ಮೋಡ್ ಹಾಕಿಕೊಳ್ಳಿ, ಜೇಡಗಳು ಏಡಿಗಳಾಗಿ ಕಾಣುತ್ತವೆ. ಗೆಳೆಯನ ತಂಗಿ ನಮ್ಮ ಜೊತೆ ನೋಡಲು ಕೂತದ್ದೇ ಅದನ್ನು ಹಾಕಿದ ಮೇಲೆ.

ಆಡುವುದಕ್ಕೆ ಹೋಗಿದ್ದೇವೆ ಎಂದು ಇಡೀ ದಿನ ಕೋಣೆಯಲ್ಲೇ ಇರಬೇಡಿ. ಯಾರ ಮನೆಗೋ ಹೋಗಿದ್ದೀರಿ. ಬೆಳಿಗ್ಗೆ ಮಳೆ ಬಿಟ್ಟಾಗ ತೋಟದಲ್ಲಿ ಒಂದು ಸುತ್ತು ಹೋಗಿ, ಕಾಲಿಗೆ ಜಿಗಣೆ ಹತ್ತದ ಹಾಗೆ ನೋಡಿಕೊಳ್ಳಿ. ನಾವು ಒಂದು ದಿನ ಇರ್ಪು ಜಲಪಾತಕ್ಕೆ ಹೋಗಿ ಬಂದೆವು.

ಸೆಪ್ಟೆಂಬರ್ 3ರಂದು ಕೈಲ್ ಮುಹೂರ್ತ. ಗದ್ದೆ ನಾಟಿ ಮುಗಿದ ಮೇಲೆ ಕೊಡವರು ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಆ ದಿನ ಗೇಮ್ ತೆರೆಯಲೇ ಇಲ್ಲ. ಹಿಂದಿನ ದಿನ ಅಜ್ಜನ ಜೊತೆ ಕೂತು ಕೋವಿ, ಒಡಿಕತ್ತಿ ಒರೆಸಿದೆವು. ಬೆಳಿಗ್ಗೆ ಅವಕ್ಕೆ ತೋಕ್ ಪೂ ಮುಡಿಸಿದರು. ಕೆಂಪು ಹಳದಿ ಎಸಳು ಬೆಂಕಿಯ ನಾಲಗೆ ಹಾಗೆ ಮೇಲಕ್ಕೆ ಬಾಗಿರುತ್ತದೆ. ಮಧ್ಯಾಹ್ನ ಕಡಂಬುಟ್ಟು, ಕಾಚಂಪುಳಿ ಹಾಕಿದ ಪಂದಿ ಕರಿ. ಆಗಸ್ಟ್ ಕೊನೆಯಲ್ಲಿ ಹೋಗುವವರು ವಾಪಸ್ ಬರುವ ದಿನವನ್ನು ಈ ಹಬ್ಬದ ಆಚೆಗೆ ಇಟ್ಟುಕೊಳ್ಳಿ. ಆದರೆ ಮನೆಯವರನ್ನು ಮೊದಲೇ ಕೇಳಿ, ಅವತ್ತು ನೆಂಟರು ತುಂಬಿರುತ್ತಾರೆ.

4ಕ್ಕೆ ಹೊರಟೆ. ಡೆಸ್ಕ್‌ಟಾಪನ್ನು ಮತ್ತೆ ದಿಂಬುಗಳ ಮಧ್ಯೆ ಇಡುವಾಗ ಗೆಳೆಯ ರೌಟರಿನ ಚಿಕ್ಕ ಬ್ಯಾಟರಿಯನ್ನು ತಾನೇ ಇಟ್ಟುಕೊಳ್ಳುತ್ತೇನೆ ಅಂದ. 11ಕ್ಕೆ ನಮ್ಮ ಯುರೋಪ್ ಸರ್ವರ್‌ನಲ್ಲಿ 'ನೆರೂಬ್-ಆರ್ ಪ್ಯಾಲೇಸ್' ರೇಡ್ (ದೊಡ್ಡ ಗುಂಪು ಸೇರಿ ಮಾಡುವ ಕಾಳಗ) ತೆರೆಯುವುದಿತ್ತು. ಎಂಟು ಬಾಸ್‌ಗಳು, ಮೈಸೂರಿನಿಂದ ನಾನು, ವಿರಾಜಪೇಟೆಯಿಂದ ಅವನು. ಬ್ಯಾಟರಿ ಕೊಟ್ಟೇ ಬಂದೆ.